ಅಂಜನಾಪುರದ ನೀರು, ಸೊರಬದ ಕಾನು

ಪುನರ್ವಸು ಮಳೆ ಹಿಡಿದು ವಾರವೊಪ್ಪತ್ತು ಬಿಡದೆ ಸುರಿಯಿತೆಂದರೆ ಶಿಕಾರಿಪುರದ ಪೇಟೆಯಲ್ಲಿ ಒಂದೇ ಮಾತು: ಅಂಜನಾಪುರ ಕೋಡಿ ಬಿತ್ತಂತೆ! ಹೋಟೆಲಿನಲ್ಲಿ ಚಹ ಕುಡಿಯುವವರಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ ಎಲ್ಲರ ಬಾಯಲ್ಲೂ ಅದೇ ಸುದ್ದಿ. ಭಾನುವಾರ ಬಂದರೆ ಮಕ್ಕಳುಮರಿ ಕಟ್ಟಿಕೊಂಡು, ಬುತ್ತಿ ಹೊತ್ತುಕೊಂಡು ಜನ ಅಣೆಕಟ್ಟಿನ ಕಡೆ ಹೊರಡುತ್ತಾರೆ. ಕೋಡಿಯ ಮೇಲಿಂದ ನೊರೆನೊರೆಯಾಗಿ ಇಳಿಯುವ ಕುಮುದ್ವತಿಯ ನೀರನ್ನು ನೋಡುವುದು, ತುಂತುರಿಗೆ ಮುಖವೊಡ್ಡಿ ನಿಲ್ಲುವುದು, ಬಿಸಿ ಮೆಣಸಿನಕಾಯಿ ಬಜ್ಜಿ ತಿಂದು ಮನೆಗೆ ಮರಳುವುದು. ಜೋಗ ದೂರವಾದವರಿಗೆ ಅಂಜನಾಪುರವೇ ಜೋಗ.

ಆದರೆ ಅಲ್ಲಿಂದ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಸೊರಬದವರ ಮುಂದೆ ಈ ಮಾತನ್ನು ಆಡುವಂತಿಲ್ಲ. ಕಟ್ಟೆಯ ಮೇಲಿಂದ ಬೀಳುವ ನೀರು ಯಾವ ಲೆಕ್ಕದ್ದು, ಚಂದ ನೋಡಬೇಕಾದರೆ ನಮ್ಮ ಕಾನು ನೋಡಬೇಕು, ಗುಡವಿಯ ಹಕ್ಕಿ ನೋಡಬೇಕು, ಚಂದ್ರಗುತ್ತಿಯ ಗುಡ್ಡ ಹತ್ತಬೇಕು ಎನ್ನುತ್ತಾರೆ ಅವರು. ಶಿಕಾರಿಪುರದವರೂ ಸುಮ್ಮನಿರುವುದಿಲ್ಲ. ಕಾನಿನೊಳಗೆ ಹೊಕ್ಕರೆ ಕಾಣುವುದೇನು, ಜಿಗಣೆ ಮತ್ತು ಕತ್ತಲೆ ಎಂದು ನಗುತ್ತಾರೆ. ಹೆಣ್ಣು ಕೊಟ್ಟು ತರುವ ನೆಂಟಸ್ತನವಿರುವ ಎರಡು ತಾಲ್ಲೂಕುಗಳ ನಡುವೆ ಇದೊಂದು ಹಳೆಯ, ಮುಗಿಯದ ತಮಾಷೆಯ ಜಗಳ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆ ಇಲ್ಲಿ ನಡೆಯುವುದಿಲ್ಲ. ನೋಟವೂ ಅವರವರ ಇಚ್ಛೆಯೇ.

ಜಗಳ ತಮಾಷೆಯದಾದರೂ ಪ್ರಶ್ನೆ ಹುಸಿಯಲ್ಲ. ಒಂದೇ ಜಿಲ್ಲೆಯಲ್ಲಿ, ಒಂದಕ್ಕೊಂದು ಬೇಲಿ ಹಂಚಿಕೊಂಡ ಎರಡು ಸೀಮೆಗಳು ಇಷ್ಟೊಂದು ಬೇರೆಯಾಗಿ ಚೆಂದವಾಗಿರುವುದು ಹೇಗೆ?

ಅಂಜನಾಪುರದಿಂದಲೇ ಆರಂಭಿಸಬಹುದು. ಕುಮುದ್ವತಿ ಹುಟ್ಟುವುದು ಹೊಸನಗರ ತಾಲ್ಲೂಕಿನ ಹುಂಚದ ಸೀಮೆಯಲ್ಲಿ, ಅಪ್ಪಟ ಮಲೆನಾಡಿನ ಮಡಿಲಿನಲ್ಲಿ. ಶಿವಮೊಗ್ಗ-ಸಾಗರ ರಸ್ತೆಯಲ್ಲಿ ಹೋಗುವವರು ಚೋರಡಿಯ ಸೇತುವೆಯ ಮೇಲೆ ಅದನ್ನು ದಾಟುತ್ತಾರೆ. ಬೇಸಗೆಯಲ್ಲಿ ದಾಟಿದವರಿಗೆ ಅದು ಹೊಳೆಯೆಂದು ಹೇಳಿದರೂ ನಂಬಿಕೆ ಬರುವುದಿಲ್ಲ. ಇಂಥ ಸಣ್ಣ ಹೊಳೆಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟೆ ಹಾಕಿದ್ದೇ ಅಂಜನಾಪುರ. ಕಾಡಿನ ಕತ್ತಲೆಯಲ್ಲಿ ಹುಟ್ಟಿದ ನೀರು ಇಲ್ಲಿ ಬಂದು ಮೊದಲ ಬಾರಿಗೆ ಬಯಲಿನಲ್ಲಿ ಮೈಚಾಚಿ ಮಲಗುತ್ತದೆ.

ಇಲ್ಲಿಯ ಚೆಲುವಿನ ಗುಟ್ಟು ಇರುವುದು ಆಕಾಶದಲ್ಲಿ. ಏರಿಯ ಮೇಲೆ ನಿಂತವನ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಮೇಲೆ ಒಂದು ಆಕಾಶ, ಕೆಳಗೆ ನೀರಿನಲ್ಲಿ ಇನ್ನೊಂದು. ಅಂಚಿನಲ್ಲಿ ತಗ್ಗಿನ ಗುಡ್ಡಗಳ ನೀಲಿ ಗೆರೆ. ಮಳೆಗಾಲದ ಸಂಜೆ ಮೋಡ ಹರಿದು ಬಿಸಿಲು ಒಂದು ಗಳಿಗೆ ಇಣುಕಿದರೆ ಇಡೀ ಹಿನ್ನೀರು ತಾಮ್ರದ ತಟ್ಟೆಯಾಗುತ್ತದೆ. ಕಾರ್ತಿಕ ಕಳೆದ ಮೇಲೆ ಗಾಳಿ ನಿಂತು ನೀರು ಕನ್ನಡಿಯಾಗುತ್ತದೆ. ದಡದಲ್ಲಿ ಬೆಳ್ಳಕ್ಕಿಗಳು ತಪಸ್ಸಿಗೆ ನಿಲ್ಲುತ್ತವೆ. ಮೀನಿನ ಬಲೆ ಬೀಸುವವನ ಕೂಗು ಆಚೆ ದಡಕ್ಕೂ ಕೇಳುತ್ತದೆ. ಚೈತ್ರ ಬರುವಷ್ಟರಲ್ಲಿ ನೀರು ಹಿಂದೆ ಸರಿದು, ಬಿರುಕು ಬಿಟ್ಟ ನೆಲದ ಮೇಲೆ ಚಿಗುರುವ ಎಳೆ ಹುಲ್ಲಿಗೆ ದನಗಳು ಬರುತ್ತವೆ. ಆಷಾಢದಲ್ಲಿ ನೋಡಿದವನು ಚೈತ್ರದಲ್ಲಿ ಬಂದರೆ ದಾರಿ ತಪ್ಪಿ ಬೇರೆ ಊರಿಗೆ ಬಂದೆನೇನೋ ಎಂದುಕೊಳ್ಳಬೇಕು. ಒಂದು ವರ್ಷದಲ್ಲಿ ಮೂರು ಸಲ ಮುಖ ಬದಲಿಸುವ ಸೀಮೆ ಇದು.

ಅಂಜನಾಪುರ ಈಚಿನದು. ಆದರೆ ನೀರನ್ನು ಹೀಗೆ ಬಯಲಿಗೆ ತಂದು ಹಾಸುವ ವಿದ್ಯೆ ಈ ತಾಲ್ಲೂಕಿಗೆ ಹೊಸದಲ್ಲ. ಶಿರಾಳಕೊಪ್ಪದ ಬಳಿಯ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬ ಶಾಂತಿವರ್ಮನ ಕಾಲದ ಕಂಬವೊಂದು ನಿಂತಿದೆ. ಕದಂಬರ ಮೂಲಪುರುಷ ಮಯೂರಶರ್ಮನ ಕತೆ ಹೇಳುವ ಶಾಸನವೆಂದು ಪಠ್ಯಪುಸ್ತಕಗಳು ಅದನ್ನು ಕೊಂಡಾಡುತ್ತವೆ. ಕುಬ್ಜನೆಂಬ ಕವಿ ರಚಿಸಿದ ಆ ಶಾಸನವನ್ನು ಕೆತ್ತಿಸುವುದಕ್ಕೆ ಕಾರಣವಾದದ್ದಾದರೂ ಏನು? ಶಾಂತಿವರ್ಮನ ತಂದೆ ಕಾಕುಸ್ಥವರ್ಮ ಅಲ್ಲಿ ಕಟ್ಟಿಸಿದ ಒಂದು ಕೆರೆ! ಒಂದೂವರೆ ಸಾವಿರ ವರ್ಷಗಳ ಹಿಂದೆ ಒಂದು ರಾಜವಂಶ ತನ್ನ ಕುಲದ ಕತೆಯನ್ನೆಲ್ಲ ಹೇಳಿಕೊಂಡದ್ದು ಒಂದು ಕೆರೆಯ ನೆಪದಲ್ಲಿ. ಅಲ್ಲಮನ ಊರೆಂದು ಹೆಸರಾದ ಬಳ್ಳಿಗಾವಿಯ ಕೇದಾರೇಶ್ವರ ದೇಗುಲವೂ ಕೆರೆಯ ದಡದಲ್ಲಿಯೇ ಇದೆ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಪಕ್ಕದಲ್ಲಿಯೂ ಅವನ ಹೆಸರಿನದೇ ಕೆರೆ. ಇಲ್ಲಿ ದೇವರೆಂದರೆ ಪಕ್ಕದಲ್ಲಿ ನೀರಿರಬೇಕು. ನೀರೆಂದರೆ ಎಲ್ಲರ ಕಣ್ಣಿಗೂ ಕಾಣಬೇಕು.

ಶಿರಾಳಕೊಪ್ಪ ದಾಟಿ ಸೊರಬದ ಕಡೆ ತಿರುಗಿದ ಬಸ್ಸಿನ ಕಿಟಕಿಯಲ್ಲಿ ಕುಳಿತವನಿಗೆ ಈ ನೋಟ ನಿಧಾನವಾಗಿ ಕಳಚಿಕೊಳ್ಳುವುದು ತಿಳಿಯುತ್ತದೆ. ಮೆಕ್ಕೆಜೋಳದ ಹೊಲಗಳು ತೆಳುವಾಗಿ ಗದ್ದೆಗಳು ಹೆಚ್ಚುತ್ತವೆ. ಗದ್ದೆಯ ಮಗ್ಗುಲಿಗೆ ಅಡಿಕೆ ತೋಟ ಬರುತ್ತದೆ. ಮಣ್ಣಿನಲ್ಲಿ ಜಂಬಿಟ್ಟಿಗೆಯ ಕೆಂಪು ಏರುತ್ತದೆ. ಆಕಾಶ ಸಣ್ಣದಾಗುತ್ತ ಹೋಗಿ, ಎಲ್ಲೋ ಒಂದು ತಿರುವಿನಲ್ಲಿ ಹಸುರು ಗೋಡೆಯೊಂದು ಎದ್ದು ನಿಲ್ಲುತ್ತದೆ. ಅದೇ ಕಾನು.

ಕಾಡು ಬೇರೆ, ಕಾನು ಬೇರೆ. ಬೇಸಗೆಯಲ್ಲಿ ಎಲೆ ಉದುರಿಸಿ ಬೋಳಾಗುವುದು ಕಾಡು. ಬಿಸಿಲೆಷ್ಟೇ ಕಾದರೂ ಹಸುರು ಬಿಡದೆ, ಒಳಗೆ ತಂಪು ಕಾಯ್ದುಕೊಂಡು ನಿಲ್ಲುವುದು ಕಾನು. ಸುತ್ತಲೂ ಹುಲ್ಲಿನ ಬ್ಯಾಣ, ಗದ್ದೆ, ಸೊಪ್ಪಿನಬೆಟ್ಟ. ನಡುವೆ ದ್ವೀಪದ ಹಾಗೆ ಒಂದು ಕಾನು. ಒಳಗೆ ಕಾಲಿಟ್ಟರೆ ಹಗಲೇ ಸಂಜೆ. ರಾಮಪತ್ರೆ, ಸುರಗಿ, ಮುರುಗಲು, ಹಲಸು, ಬಗನೆ ಮರಗಳು ಒಂದರ ಹೆಗಲ ಮೇಲೊಂದು ಕೈಹಾಕಿ ನಿಂತಿರುತ್ತವೆ. ಬೊಡ್ಡೆಗಳನ್ನು ತಬ್ಬಿ ಕಾಳುಮೆಣಸಿನ ಬಳ್ಳಿ ಏರಿರುತ್ತದೆ. ಕಾಲಕೆಳಗೆ ವರ್ಷ ವರ್ಷಗಳ ತರಗೆಲೆ ಕೊಳೆತು ಹಾಸಿಗೆಯಾಗಿದೆ. ಮೇಲೆ ಬಿದ್ದ ಮಳೆ ನೆಲ ಮುಟ್ಟುವ ಮೊದಲು ನೂರು ಎಲೆಗಳ ಮೇಲೆ ಜಾರಿ, ಈ ಹಾಸಿಗೆಯಲ್ಲಿ ಇಂಗಿ, ಒಳಗೊಳಗೇ ಇಳಿದು, ತಿಂಗಳುಗಟ್ಟಲೆ ತಡೆದು ಕಾನಿನ ಬುಡದಲ್ಲಿ ಒರತೆಯಾಗಿ ಜಿನುಗುತ್ತದೆ. ಆ ಒರತೆಯೇ ಕೆಳಗಿನ ತೋಟಕ್ಕೆ, ಗದ್ದೆಗೆ, ದನದ ಬಾಯಿಗೆ. ಅಂಜನಾಪುರ ನೀರನ್ನು ಎಲ್ಲರೂ ನೋಡಲೆಂದು ಹರವಿಟ್ಟರೆ, ಕಾನು ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತದೆ.

ಕಾನಿನ ಚೆಂದ ಕಣ್ಣಿಗಿಂತ ಕಿವಿಗೆ ಹೆಚ್ಚು. ಜೀರುಂಡೆಗಳ ಒಂದೇ ಸಮನೆ ಶ್ರುತಿ, ಅದರ ನಡುವೆ ಮಂಗಟ್ಟೆ ಹಕ್ಕಿಯ ಒರಟು ನಗೆ, ಎಲ್ಲಿಯೋ ಹಣ್ಣು ಬಿದ್ದ ಸದ್ದು. ಮುಂಗಾರಿಗೆ ಸ್ವಲ್ಪ ಮೊದಲು, ಗುಡುಗು ಶುರುವಾದ ರಾತ್ರಿಗಳಲ್ಲಿ ಮಿಂಚುಹುಳುಗಳು ಅಂಚಿನ ಮರಗಳಿಗೆ ದೀಪ ಹಚ್ಚುತ್ತವೆ. ಇದನ್ನು ನೋಡಲು ಬಸ್ಸು ಮಾಡಿಕೊಂಡು ಯಾರೂ ಬರುವುದಿಲ್ಲ.

ಇಷ್ಟೆಂದು ಕಾನನ್ನು ಮನುಷ್ಯನ ಕೈ ಸೋಕದ ಆದಿಕಾಲದ ಅರಣ್ಯವೆಂದು ಬಗೆಯುವುದು ತಪ್ಪು. ಭಾರತದ ಅರಣ್ಯ ಇಲಾಖೆಯ ಮೊದಲ ಮಹಾನಿರೀಕ್ಷಕ, ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್, ಗ್ರಾಂಟ್ ಎಂಬ ಅಧಿಕಾರಿಯ ಜೊತೆ ಸೇರಿ 1868ರಲ್ಲಿ ಸೊರಬದ ಕಾನುಗಳ ಮೇಲೆಯೇ ಒಂದು ವರದಿ ಬರೆದ. ಆಗ ಈ ಒಂದೇ ತಾಲ್ಲೂಕಿನಲ್ಲಿ ಲೆಕ್ಕಕ್ಕೆ ಸಿಕ್ಕ ಕಾನುಗಳು 171. ವಿಸ್ತಾರ 32 ಸಾವಿರ ಎಕರೆಗೂ ಮೇಲೆ. ಒಂದು ತಾಲ್ಲೂಕಿನ ತುಂಡು ತುಂಡು ಕಾಡಿಗೆ ಇಷ್ಟು ಗಮನ ಸಂದದ್ದು ಸುಮ್ಮನೆ ಅಲ್ಲ. ಊರವರು ಈ ಕಾನುಗಳಲ್ಲಿ ಕಾಳುಮೆಣಸು ಕೊಯ್ಯುತ್ತಿದ್ದರು, ಬಗನೆಯಿಂದ ಹೆಂಡ ಇಳಿಸುತ್ತಿದ್ದರು, ಅದಕ್ಕೆ ಕಂದಾಯವನ್ನೂ ಕಟ್ಟುತ್ತಿದ್ದರು. ಬೆಂಕಿ ಬೀಳದಂತೆ ಕಾಯುತ್ತಿದ್ದರು. ಅನೇಕ ಕಾನುಗಳಿಗೆ ಒಬ್ಬ ದೇವರಿದ್ದ. ಚೌಡಿಯೋ, ಭೂತವೋ, ನಾಗನೋ ಇರುವ ಕಡೆ ಕೊಡಲಿ ಬೀಳುತ್ತಿರಲಿಲ್ಲ. ತಾಳಗುಂದದಲ್ಲಿ ಕೆರೆ ಕಟ್ಟಿದ ಕೈ ಹೇಗೆ ಮನುಷ್ಯನದೋ, ಸೊರಬದಲ್ಲಿ ಕಾನನ್ನು ಕಡಿಯದೆ ಬಿಟ್ಟ ಕೈಯೂ ಹಾಗೆಯೇ ಮನುಷ್ಯನದು. ಕಟ್ಟುವುದು ಒಂದು ಕೆಲಸವಾದರೆ ಬಿಡುವುದೂ ಒಂದು ಕೆಲಸವೇ.

ಹಾಗೆಂದು ಸೊರಬದಲ್ಲಿ ಕೆರೆಗಳಿಲ್ಲವೆಂದಲ್ಲ, ಶಿಕಾರಿಪುರದಲ್ಲಿ ಮರಗಳಿಲ್ಲವೆಂದೂ ಅಲ್ಲ. ಸೊರಬದ ಹಳ್ಳಿ ಹಳ್ಳಿಗೂ ಕೆರೆಯುಂಟು. ಆದರೆ ಅವು ಸಣ್ಣವು, ಕಾನಿನ ಬುಡದಲ್ಲಿ ಮಗುವಿನಂತೆ ಅಡಗಿ ಕುಳಿತವು. ಅಂಥವುಗಳಲ್ಲಿ ಹೆಸರಾದದ್ದು ಗುಡವಿ. ಒಂದು ಚದರ ಕಿಲೋಮೀಟರೂ ಇಲ್ಲದ ಈ ಕೆರೆಯ ನೀರಿನಲ್ಲಿಯೇ ಮರಗಳು ಸೊಂಟಮಟ್ಟ ನಿಂತಿವೆ. ಮಳೆ ಹಿಡಿದೊಡನೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಕರಿತಲೆಯ ಕೆಂಬರಲುಗಳು ಬಂದು ಆ ಮರಗಳಲ್ಲಿ ಗೂಡು ಕಟ್ಟುತ್ತವೆ. 1989ರಲ್ಲಿ ಇದು ಪಕ್ಷಿಧಾಮವೆಂದು ಘೋಷಿತವಾಯಿತು. ಕೆರೆಯೊಳಗೆ ಕಾಡು, ಕಾಡಿನೊಳಗೆ ಕೆರೆ. ಎರಡು ಸೀಮೆಗಳ ಜಗಳವನ್ನು ಹಕ್ಕಿಗಳು ಇಲ್ಲಿ ತೀರ್ಮಾನಿಸಿಬಿಟ್ಟಿವೆ. ಅವುಗಳಿಗೆ ಎರಡೂ ಬೇಕು.

ಚಂದ್ರಗುತ್ತಿಯ ಬೆಟ್ಟಕ್ಕೆ ಜನ ಹೋಗುವುದು ಬಂಡೆಯ ಸಹಜ ಗುಹೆಯೊಳಗಿರುವ ರೇಣುಕಾಂಬೆಗೆ ಕೈಮುಗಿಯಲು. ಕೈಮುಗಿದು ಮೇಲಿನ ಹಾಳು ಕೋಟೆಯವರೆಗೆ ಹತ್ತಿದವರಿಗೆ ಪಶ್ಚಿಮಕ್ಕೆ ಸಿದ್ದಾಪುರದ ದಟ್ಟ ಹಸುರು, ಪೂರ್ವಕ್ಕೆ ಬನವಾಸಿ, ಆನವಟ್ಟಿಗಳತ್ತ ತೆಳ್ಳಗಾಗುತ್ತ ಹೋಗುವ ಬಯಲು ಎರಡೂ ತೆರೆದುಕೊಳ್ಳುತ್ತವೆ. ಮಲೆನಾಡು ಎಲ್ಲಿ ಮುಗಿಯಿತು, ಬಯಲುಸೀಮೆ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವುದು ಅಲ್ಲಿಂದಲೂ ಸಾಧ್ಯವಿಲ್ಲ. ತಾಲ್ಲೂಕಿನ ಗಡಿ ನಕ್ಷೆಯಲ್ಲಿದೆಯೇ ಹೊರತು ನೆಲದಲ್ಲಿಲ್ಲ.

ಹೆಸರುಗಳೂ ಈ ಗಡಿಯನ್ನು ಗೇಲಿ ಮಾಡುವಂತಿವೆ. ಬಯಲು, ಕೆರೆಗಳ ಊರಿಗೆ ಶಿಕಾರಿಪುರವೆಂದು ಹೆಸರು. ಹೈದರ್, ಟಿಪ್ಪುವಿನ ಕಾಲದಲ್ಲಿ ಇಲ್ಲಿ ಬೇಟೆ ಹೇರಳವಾಗಿ ಸಿಗುತ್ತಿತ್ತೆಂದು ಜನ ಹೇಳುತ್ತಾರೆ. ಅಂದರೆ ಒಂದು ಕಾಲಕ್ಕೆ ಅಲ್ಲಿಯೂ ಕಾಡಿತ್ತು. ಕಾನುಗಳ ಊರಾದ ಸೊರಬದ ಹೆಸರು ಸುರಭಿಯಿಂದ, ಅಂದರೆ ಹಸುವಿನಿಂದ ಬಂತೆಂಬುದು ಅಲ್ಲಿಯವರ ನಂಬಿಕೆ. ಬೇಟೆಯ ಹೆಸರು ಬಯಲಿಗೆ, ಗೋಮಾಳದ ಹೆಸರು ಕಾಡಿಗೆ!

ಹಳಬರು ಇವೆರಡನ್ನು ಬೇರೆ ಮಾಡಿರಲೂ ಇಲ್ಲ. ಎರಡೂ ಸೇರಿದ್ದು ಬನವಾಸಿ ನಾಡಿಗೆ. ಹತ್ತನೆಯ ಶತಮಾನದಲ್ಲಿ ಪಂಪ ಹಂಬಲಿಸಿದ ನಾಡು ಅದು. ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾಸಿರದ ಆಡಳಿತ ನಡೆದದ್ದು ಬಳ್ಳಿಗಾವಿಯಿಂದ. ಆಶ್ವಯುಜದ ಹುಣ್ಣಿಮೆಯ ದಿನ ಇಂದಿಗೂ ಎರಡು ಕಡೆಯ ರೈತರೂ ತುಂಬಿದ ಬಸುರಿಯೆಂದು ಪೈರಿಗೆ ಬಯಕೆಯ ಅಡುಗೆ ಬಡಿಸುತ್ತಾರೆ. ಸೊರಬದ ಕಡೆ ಅದು ಭೂಮಿ ಹುಣ್ಣಿಮೆ. ದೀವರ ಹೆಂಗಸರು ಚಿತ್ತಾರ ಬರೆದ ಬುಟ್ಟಿಯಲ್ಲಿ ಎಡೆ ಹೊತ್ತು ಗದ್ದೆಗೆ ಹೋಗುತ್ತಾರೆ. ಬಯಲಿನ ಕಡೆ ಅದೇ ಹಬ್ಬ ಸೀಗಿ ಹುಣ್ಣಿಮೆ. ಹೆಸರು ಎರಡು, ಬಸುರಿ ಒಬ್ಬಳೇ.

ಹಾಗಾದರೆ ಯಾವುದು ಹೆಚ್ಚು ಚೆಲುವು? ಅಂಜನಾಪುರ ನೋಡಿದೊಡನೆ ಒಲಿಯುತ್ತದೆ, ಸೊರಬ ಇದ್ದು ನೋಡಿದವರಿಗೆ ಒಲಿಯುತ್ತದೆ ಎನ್ನಬಹುದು. ಅಂಜನಾಪುರದಲ್ಲಿ ವರ್ಷದ ಲೆಕ್ಕ ನೀರಿನ ಮಟ್ಟದಲ್ಲಿ ಬರೆದಿರುತ್ತದೆ. ಸೊರಬದ ಕಾನಿನಲ್ಲಿ ಶ್ರಾವಣಕ್ಕೂ ವೈಶಾಖಕ್ಕೂ ದೂರದಿಂದ ನೋಡುವವನಿಗೆ ವ್ಯತ್ಯಾಸ ಕಾಣುವುದಿಲ್ಲ. ಒಂದಕ್ಕೆ ಬಿಡುವಿನ ಭಾನುವಾರ ಸಾಕು, ಇನ್ನೊಂದಕ್ಕೆ ತಾಳ್ಮೆ ಬೇಕು. ಆದರೆ ತೂಗಿ ನೋಡಬೇಕಾದದ್ದು ಇಷ್ಟೇ ಅಲ್ಲ. ಕಾಣುವ ಚೆಲುವಿಗೂ ಕಾಣದ ಚೆಲುವಿಗೂ ಇರುವ ಪಾಡು ಒಂದೇ ಅಲ್ಲ.

ಅಂಜನಾಪುರ ಬತ್ತಿದರೆ ಎಲ್ಲರಿಗೂ ತಿಳಿಯುತ್ತದೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ 2023ರಂಥ ವರ್ಷಗಳಲ್ಲಿ ಕೋಡಿ ಬೀಳಲಿಲ್ಲವೆಂಬುದೇ ಸುದ್ದಿಯಾಗುತ್ತದೆ. ಕೆರೆ ಒಣಗಿದರೆ ರೈತರು ಬೀದಿಗೆ ಬರುತ್ತಾರೆ, ಶಾಸಕರು ಉತ್ತರ ಕೊಡಬೇಕಾಗುತ್ತದೆ, ತುಂಬಿದರೆ ಬಾಗಿನ ಬಿಡುವ ಸಮಾರಂಭ ನಡೆಯುತ್ತದೆ. ಈಚಿನ ವರ್ಷಗಳಲ್ಲಿ ಶಿಕಾರಿಪುರ ತಾಲ್ಲೂಕಿನ ಉಡುಗಣಿ, ತಾಳಗುಂದ, ಹೊಸೂರು ಹೋಬಳಿಗಳ ಕೆರೆಗಳನ್ನು ತುಂಬಿಸಲು ತುಂಗಭದ್ರೆಯಿಂದ ನೀರೆತ್ತುವ ಏತ ನೀರಾವರಿ ಯೋಜನೆಯೇ ಬಂತು. ಅಕ್ಕಮಹಾದೇವಿ ಹುಟ್ಟಿದ ಉಡುತಡಿಯ ಸೀಮೆಗೆ ಹೀಗಾದರೂ ನೀರು ಬಂದದ್ದು ಸಂತೋಷವೇ. ಆದರೆ ಇದರಲ್ಲಿ ಒಂದು ವಿಚಿತ್ರವೂ ಅಡಗಿದೆ. ಮಲೆಯಲ್ಲಿ ಇಂಗಿ, ನಿಧಾನವಾಗಿ ಜಿನುಗಿ ಕೆಳಗಿಳಿಯಬೇಕಾದ ನೀರು ಮಳೆ ಬಂದ ವಾರವೇ ಓಡಿ ತುಂಗಭದ್ರೆ ಸೇರುತ್ತದೆ. ಆಮೇಲೆ ಅದೇ ಹೊಳೆಯ ನೀರಿಗೆ ಕರೆಂಟು ಸುರಿದು, ಕೊಳವೆ ಹಾಕಿ ಮೇಲಕ್ಕೆ ಎತ್ತಿ ತರಬೇಕಾಗುತ್ತದೆ. ಇಳಿಯುವಾಗ ತಡೆಯುವ ಕೆಲಸವನ್ನು ಕಾಡು ಪುಕ್ಕಟೆಯಾಗಿ ಮಾಡುತ್ತಿತ್ತು. ಏರಿಸುವ ಕೆಲಸಕ್ಕೆ ಪ್ರತಿ ತಿಂಗಳೂ ಬಿಲ್ಲು ಬರುತ್ತದೆ.

ಕಾನಿಗೆ ಬಾಗಿನ ಬಿಡುವವರಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಮರ ಹೋದರೆ ಕಾನು ಮತ್ತೆಯೂ ಹಸುರಾಗಿಯೇ ಕಾಣುತ್ತದೆ. ಅಂಚು ಒತ್ತುವರಿಯಾಗಿ ಅಡಿಕೆ ಸಸಿ ನೆಟ್ಟರೂ ಹಸುರೇ. ಪಕ್ಕದ ಬ್ಯಾಣದಲ್ಲಿ ಅಕೇಶಿಯಾ ಸಾಲು ಹಚ್ಚಿದರೆ ದೂರದಿಂದ ಅದೂ ಹಸುರೇ. ಶುಂಠಿಗಾಗಿ ಗೇಣಿಗೆ ಕೊಟ್ಟ ಜಾಗವೂ ಮಳೆಗಾಲದಲ್ಲಿ ಕಣ್ಣಿಗೆ ತಂಪಾಗಿಯೇ ಇರುತ್ತದೆ. ಬಸ್ಸಿನಲ್ಲಿ ಹೋಗುವ ಪ್ರವಾಸಿಗೆ ಇವೆಲ್ಲ ಒಂದೇ. ಆಹಾ ಮಲೆನಾಡು ಎಂದು ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾನೆ. ವ್ಯತ್ಯಾಸ ಗೊತ್ತಾಗುವುದು ಕಾನಿನ ಬುಡದ ಮನೆಯವರಿಗೆ. ಅಜ್ಜನ ಕಾಲದಲ್ಲಿ ಯುಗಾದಿಯವರೆಗೆ ನಿಲ್ಲುತ್ತಿದ್ದ ಒರತೆ ಸಂಕ್ರಾಂತಿಗೇ ಸೋತಿತೆಂದು ಅವರು ಗಮನಿಸುತ್ತಾರೆ. ಆದರೆ ಒರತೆ ಸೋತದ್ದಕ್ಕೆ ಮೆರವಣಿಗೆ ಹೊರಡುವುದಿಲ್ಲ. ಮನೆಯವರು ಸಾಲ ಮಾಡಿ ಬೋರ್‌ವೆಲ್ ತೆಗೆಸುತ್ತಾರೆ. 1868ರಲ್ಲಿ ಪರದೇಶದ ಅಧಿಕಾರಿ ಒಂದೊಂದಾಗಿ ಎಣಿಸಿದ್ದ ಕಾನುಗಳಲ್ಲಿ ಇಂದು ಹೆಸರು ಮಾತ್ರ ಉಳಿದು ಮರ ಉಳಿಯದವು ಎಷ್ಟೋ. ಸರ್ವೆ ನಂಬರಿನಲ್ಲಿ ಕಾನು ಇರುತ್ತದೆ, ನೆಲದಲ್ಲಿ ಇರುವುದಿಲ್ಲ.

ಸೊರಬದ ಕಾನು ಅಂಜನಾಪುರಕ್ಕೆ ನೀರುಣಿಸುವುದಿಲ್ಲ ಎಂಬುದು ನಿಜ. ಸೊರಬದ ಪಟ್ಟಣವನ್ನು ಬಳಸಿ ಹರಿಯುವ ದಂಡಾವತಿ ಹೋಗಿ ಸೇರುವುದು ವರದೆಯನ್ನು. ಅಂಜನಾಪುರದ ನೀರು ಬರುವುದು ಹುಂಚದ ಕಡೆಯ ಗುಡ್ಡಗಳಿಂದ. ಆದರೆ ಹುಂಚದ ಗುಡ್ಡದ ಕಾಡಿಗೂ ಇದೇ ಕತೆ, ಇದೇ ಕೆಲಸ. ಕಣ್ಣಿಗೆ ಬೀಳದ ಯಾವುದೋ ಕತ್ತಲ ಮೂಲೆ ಒಂದು ತನ್ನ ಪಾಡಿಗೆ ತಾನು ನೀರು ಹಿಡಿದಿಟ್ಟರೆ ಮಾತ್ರ ಅಂಜನಾಪುರದ ಕನ್ನಡಿ ಮಾಘದವರೆಗೆ ಒಡೆಯದೆ ಇರುತ್ತದೆ. ಕಾಡು ಬೋಳಾದರೆ ಕೋಡಿ ಬೀಳುವುದು ನಿಲ್ಲುವುದಿಲ್ಲ. ಇನ್ನೂ ಜೋರಾಗಿ, ಕೆಂಪು ಮಣ್ಣನ್ನೆಲ್ಲ ಹೊತ್ತು ತಂದು ಬೀಳುತ್ತದೆ. ನೋಡಲು ಬಂದವರು ಇನ್ನೂ ಹೆಚ್ಚು ಖುಷಿಪಡಬಹುದು. ಹೂಳು ಮಾತ್ರ ತಳದಲ್ಲಿ, ಯಾರ ಕಣ್ಣಿಗೂ ಬೀಳದೆ, ಏರುತ್ತ ಹೋಗುತ್ತದೆ.

ವರದೆ ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಸೊರಬದ ಸೀಮೆಯನ್ನು ಹಾದು, ಬನವಾಸಿಯನ್ನು ಸುತ್ತುವರಿದು, ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ತುಂಗಭದ್ರೆಗೆ ಕೂಡುತ್ತದೆ. ಕುಮುದ್ವತಿ ಅಂಜನಾಪುರದ ಕೋಡಿ ಇಳಿದು, ಹಳೆಯ ಮದಗದ ಕೆರೆಯನ್ನು ಹಾದು, ಅದೇ ಜಿಲ್ಲೆಯಲ್ಲಿ ಅದೇ ತುಂಗಭದ್ರೆಯನ್ನು ಸೇರುತ್ತದೆ. ಗಳಗನಾಥದ ದಡದಲ್ಲಿ ನಿಂತು, ಇದರಲ್ಲಿ ಸೊರಬದ ನೀರು ಯಾವುದು, ಶಿಕಾರಿಪುರದ್ದು ಯಾವುದು ಎಂದು ಕೇಳಿದರೆ ಅಲ್ಲಿಯ ಅಂಬಿಗ ನಗುತ್ತಾನೆ.

ಮುಂದಿನ ಪುನರ್ವಸುವಿನಲ್ಲಿ ಅಂಜನಾಪುರ ಮತ್ತೆ ಕೋಡಿ ಬೀಳಲಿ, ಜನ ಹೋಗಿ ಕಣ್ತುಂಬ ನೋಡಲಿ. ಬರುವಾಗ ಒಂದು ದಿನ ಹೆಚ್ಚು ಇಟ್ಟುಕೊಂಡು ಸೊರಬದ ಕಡೆಗೂ ಹೋಗಿ, ಯಾವುದಾದರೊಂದು ಊರಿನ ಕಾನಿನ ಬುಡದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಬರಲಿ. ಅಲ್ಲಿ ನೋಡುವಂಥದ್ದು ಏನೂ ಇಲ್ಲವೆಂದು ಮೊದಲು ಅನ್ನಿಸೀತು. ಕಾಲಬುಡದಲ್ಲಿ ನೀರು ಜಿನುಗುವ ಸಣ್ಣ ಸದ್ದು ಕಿವಿಗೆ ಬಿದ್ದ ಮೇಲೆ ಹಾಗೆ ಅನ್ನಿಸಲಿಕ್ಕಿಲ್ಲ.